ಮಹಾನಗರದ ರಾತ್ರಿ ಮತ್ತು ‘ಸುಮ್ಮನೆ ನೋಡಿ ಬರುವ’ ನೆಪ

ಸಾಗರ, ಹೊಸನಗರ, ತೀರ್ಥಹಳ್ಳಿಗಳ ನಮ್ಮ ಮನೆಗಳಿಂದ ಓದಲೆಂದೋ ದುಡಿಯಲೆಂದೋ ಬೆಂಗಳೂರಿಗೆ ತೆರಳಿದ ಮಕ್ಕಳ ಸಂಖ್ಯೆ ಇಂದು ಸಣ್ಣದಲ್ಲ. ಅಡಿಕೆ ತೋಟದ ಚೇಣಿ ಹಿಡಿಯುತ್ತಿದ್ದ ತಂದೆಯ ಮಗ ಸಾಫ್ಟ್‌ವೇರ್ ಕಂಪೆನಿಯಲ್ಲಿದ್ದಾನೆ, ಬೀಡಿ ಕಟ್ಟಿ ಮನೆ ನಡೆಸಿದ ತಾಯಿಯ ಮಗಳು ಆಸ್ಪತ್ರೆಯಲ್ಲಿ ಕರ್ತವ್ಯ ನಿರ್ವಹಿಸುತ್ತಿದ್ದಾಳೆ. ಇದು ಅಲ್ಲಾಹನ ಅನುಗ್ರಹ. ಇದಕ್ಕಾಗಿ ನಾವು ಅವನಿಗೆ ಕೃತಜ್ಞರಾಗಿರಬೇಕು. ಆದರೆ ಈ ಯುವಕರಲ್ಲಿ ಕೆಲವರ ಬಾಯಲ್ಲಿ, ಅವರಿಗಿಂತಲೂ ಹೆಚ್ಚಾಗಿ ಅವರನ್ನು ಸಮರ್ಥಿಸುವ ಕೆಲವು ಹಿರಿಯರ ಬಾಯಲ್ಲಿ, ಒಂದು ವಾದ ಮೆಲ್ಲನೆ ಬೇರು ಬಿಡುತ್ತಿದೆ. ವಾರಾಂತ್ಯದ ರಾತ್ರಿ ಚರ್ಚ್ ಸ್ಟ್ರೀಟ್, ಇಂದಿರಾನಗರ, ಕೋರಮಂಗಲಗಳ ಬಾರುಗಳನ್ನು ಒಂದೊಂದಾಗಿ ಸುತ್ತಿ ಬರುವುದು ಕುಡಿತವಲ್ಲ, ಅದು ನಗರವನ್ನು ಅರಿಯುವ ಬಗೆ; ನಮ್ಮ ಹುಡುಗ ಕುಡಿಯುವುದಿಲ್ಲ, ಗೆಳೆಯರ ಜೊತೆ ಸುಮ್ಮನೆ ನೋಡಿ ಬರುತ್ತಾನೆ; ಕಾಲ ಬದಲಾಗಿದೆ, ಹಳ್ಳಿಯ ಕಣ್ಣಿನಿಂದ ಎಲ್ಲವನ್ನೂ ಅಳೆಯಬೇಡಿ ಎಂಬುದು ಆ ವಾದ. ಇದು ಎಲ್ಲಿ ಜಾರುತ್ತದೆ ಎಂಬುದನ್ನು ತೋರಿಸುವುದೇ ಈ ಬರಹದ ಉದ್ದೇಶ.

ಮೊದಲು ವಿರೋಧಿಗಳ ಮಾತಿನಲ್ಲಿರುವ ನಿಜವನ್ನು ಒಪ್ಪಿಕೊಳ್ಳೋಣ. ಬೆಂಗಳೂರಿನ ಬಾರು ಇಂದು ಹಿಂದಿನ ಕಾಲದ ಮಂಕು ದೀಪದ, ಕೊಳಕು ಮೇಜಿನ ಕೋಣೆಯಾಗಿ ಉಳಿದಿಲ್ಲ. ಏಷ್ಯಾದ ಅತ್ಯುತ್ತಮ ಐವತ್ತು ಬಾರುಗಳ ಪಟ್ಟಿಯಲ್ಲಿ ಈ ನಗರದ ಹೆಸರೂ ಬರುತ್ತಿದೆ. ಅಲ್ಲಿ ಕಾಫಿ, ಮುರುಗಲು, ಕರಿಬೇವು, ಏಲಕ್ಕಿಯಂಥ ನಮ್ಮದೇ ಅಡುಗೆಮನೆಯ ಪರಿಮಳಗಳನ್ನು ಮದ್ಯದಲ್ಲಿ ಬೆರೆಸುವ ಕೈಚಳಕವನ್ನು ಕಲೆಯೆಂದು ಕರೆಯುತ್ತಾರೆ. ರುಚಿಯಿದೆ, ಬೆಡಗಿದೆ, ಸಂಗೀತವಿದೆ. ಇವೆಲ್ಲ ಇಲ್ಲವೆಂದು ನಾವು ಹೇಳುವುದಿಲ್ಲ. ಪವಿತ್ರ ಕುರ್‌ಆನ್ ಕೂಡ ಹಾಗೆ ಹೇಳಲಿಲ್ಲ. ಮದ್ಯ ಮತ್ತು ಜೂಜಿನ ಕುರಿತು ಜನರು ಕೇಳಿದಾಗ, ಅವುಗಳಲ್ಲಿ ಮಹಾಪಾಪವಿದೆ, ಜನರಿಗೆ ಕೆಲವು ಪ್ರಯೋಜನಗಳೂ ಇವೆ, ಆದರೆ ಪ್ರಯೋಜನಕ್ಕಿಂತ ಪಾಪವೇ ದೊಡ್ಡದು (2:219) ಎಂದು ಅದು ತೂಗಿ ಹೇಳಿತು. ಆಕರ್ಷಣೆಯೇ ಇಲ್ಲದ ವಸ್ತುವನ್ನು ನಿಷೇಧಿಸುವ ಅಗತ್ಯವಾದರೂ ಏನಿತ್ತು? ಆದ್ದರಿಂದ ‘ಅಲ್ಲಿ ಎಷ್ಟು ಚೆಂದವಿದೆ ನೋಡಿ’ ಎಂಬ ಮಾತು ನಮಗೆ ಉತ್ತರವಾಗಲಾರದು. ಆ ಚೆಂದವನ್ನು ಲೆಕ್ಕಕ್ಕೆ ಹಿಡಿದುಕೊಂಡೇ ನಮ್ಮ ಧರ್ಮ ತೀರ್ಪು ನೀಡಿದೆ.

ಆ ತೀರ್ಪು ಬಂದ ಬಗೆಯನ್ನೂ ನೆನೆಯಬೇಕು. ಮೊದಲು ಕೇಡು ಮತ್ತು ಲಾಭಗಳ ತೂಕವನ್ನು ತಿಳಿಸಲಾಯಿತು. ಬಳಿಕ ಅಮಲಿನ ಸ್ಥಿತಿಯಲ್ಲಿ ನಮಾಝಿನ ಹತ್ತಿರ ಸುಳಿಯಬಾರದೆಂಬ ಆಜ್ಞೆ (4:43) ಬಂತು. ಕೊನೆಗೆ ಮದ್ಯ, ಜೂಜುಗಳು ಶೈತಾನನ ಹೇಯ ಕೃತ್ಯಗಳೆಂದೂ, ಅವುಗಳಿಂದ ದೂರ ಸರಿಯಬೇಕೆಂದೂ, ಅವುಗಳ ಮೂಲಕ ಅವನು ನಿಮ್ಮ ನಡುವೆ ಹಗೆತನ ಬಿತ್ತಿ ಅಲ್ಲಾಹನ ಸ್ಮರಣೆಯಿಂದಲೂ ನಮಾಝಿನಿಂದಲೂ ತಡೆಯಬಯಸುತ್ತಾನೆಂದೂ (5:90-91) ಸ್ಪಷ್ಟಪಡಿಸಲಾಯಿತು. ಆ ಘೋಷಣೆ ಮದೀನಾದ ಬೀದಿಯಲ್ಲಿ ಕೇಳಿಬಂದಾಗ ಹಝ್ರತ್ ಅನಸ್(ರ) ಅವರು ಅಬೂ ತಲ್ಹಾ(ರ) ಅವರ ಮನೆಯಲ್ಲಿ ಅತಿಥಿಗಳಿಗೆ ಪಾನೀಯ ಬಡಿಸುತ್ತಿದ್ದರು. ಯಾರೂ ‘ಈ ಬಟ್ಟಲೊಂದು ಮುಗಿಯಲಿ’ ಎನ್ನಲಿಲ್ಲ. ಮದ್ಯವನ್ನು ಹೊರಗೆ ಚೆಲ್ಲಲಾಯಿತು, ಅದು ಮದೀನಾದ ಓಣಿಗಳಲ್ಲಿ ಹರಿಯಿತು. ಇಲ್ಲಿ ಗಮನಿಸಬೇಕಾದ ಪದ ‘ದೂರ ಸರಿಯಿರಿ’ ಎಂಬುದು. ಕುಡಿಯಬೇಡಿ ಎಂಬುದಕ್ಕಿಂತ ಅದು ವಿಶಾಲವಾದ ಆಜ್ಞೆ.

‘ನೋಡಿ ಬರುವುದಷ್ಟೇ’ ಎಂಬವರು ಎಡವುವುದು ಈ ಪದದ ಬಳಿಯೇ. ಹಣ್ಣಿನ ರಸಗಳನ್ನು ಬೆರೆಸಿದ ಮಾಕ್‌ಟೇಲ್‌ನಲ್ಲಿ ಮದ್ಯವಿಲ್ಲದಿದ್ದರೆ ಆ ಪಾನೀಯ ಹಲಾಲ್ ಎಂಬುದರಲ್ಲಿ ನಮಗೆ ಸಂಶಯವಿಲ್ಲ. ಆದರೆ ಪ್ರಶ್ನೆ ಲೋಟದ್ದು ಮಾತ್ರವಲ್ಲ, ಮೇಜಿನದ್ದು ಕೂಡ. ಅಲ್ಲಾಹನಲ್ಲೂ ಅಂತ್ಯದಿನದಲ್ಲೂ ವಿಶ್ವಾಸವಿಟ್ಟವನು ಮದ್ಯ ಬಡಿಸುವ ಮೇಜಿನ ಬಳಿ ಕುಳಿತುಕೊಳ್ಳದಿರಲಿ ಎಂಬ ಆಶಯದ ಪ್ರವಾದಿ ಮುಹಮ್ಮದ್(ಸ) ಅವರ ವಚನವನ್ನು ಇಮಾಮ್ ತಿರ್ಮಿದಿ ವರದಿ ಮಾಡಿದ್ದಾರೆ. ಖಲೀಫಾ ಉಮರ್ ಬಿನ್ ಅಬ್ದುಲ್ ಅಝೀಝ್ ಅವರ ಮುಂದೆ ಕುಡುಕರ ಗುಂಪೊಂದನ್ನು ತಂದಾಗ, ಅವರಲ್ಲೊಬ್ಬ ಉಪವಾಸಿಗನಿದ್ದಾನೆಂದು ತಿಳಿಸಲಾಯಿತಂತೆ. ಶಿಕ್ಷೆಯನ್ನು ಅವನಿಂದಲೇ ಆರಂಭಿಸಿರಿ ಎಂದು ಅವರು ಆಜ್ಞಾಪಿಸಿದರೆಂದು ತಫ್ಸೀರ್ ಗ್ರಂಥಗಳು ಹೇಳುತ್ತವೆ. ಕುಡಿಯದೆ ಕುಳಿತವನು ಕುಡಿಯುವವರ ಸಭೆಗೆ ಗೌರವ ತಂದುಕೊಡುತ್ತಾನೆ. ‘ಇವನೂ ನಮ್ಮೊಡನಿದ್ದಾನೆ, ತಪ್ಪೇನಿದೆ?’ ಎಂಬುದಕ್ಕೆ ಅವನೇ ಸಾಕ್ಷಿಯಾಗುತ್ತಾನೆ. ಮುಂದಿನ ವಾರ ಅದೇ ಪ್ರಶ್ನೆ ಅವನ ಕಡೆಗೇ ತಿರುಗುತ್ತದೆ: ‘ಇಷ್ಟು ದಿನ ಬಂದಿದ್ದೀಯಾ, ಒಂದು ಗುಟುಕಿಗೇನಾಯಿತು?’

ಹೆಸರಿನ ಮೋಸವನ್ನೂ ಇಲ್ಲಿ ಹೇಳಲೇಬೇಕು. ‘ಲಾಂಗ್ ಐಲ್ಯಾಂಡ್ ಐಸ್ಡ್ ಟೀ’ ಎಂಬ ಪ್ರಸಿದ್ಧ ಪಾನೀಯದಲ್ಲಿ ಚಹಾದ ಒಂದು ಹನಿಯೂ ಇರುವುದಿಲ್ಲ. ಅದರಲ್ಲಿರುವುದು ವೋಡ್ಕಾ, ಜಿನ್, ರಮ್, ಟಕೀಲಾ ಮುಂತಾದ ಐದು ಬಗೆಯ ಮದ್ಯ. ನಮ್ಮ ದೇಶದಲ್ಲಿ ಮಾರಾಟವಾಗುವ ಸಾಮಾನ್ಯ ವಿಸ್ಕಿ, ರಮ್‌ಗಳಲ್ಲಿ ಶೇಕಡಾ 42.8ರಷ್ಟು ಆಲ್ಕೋಹಾಲ್ ಇರುತ್ತದೆ. ಅಂದರೆ 30 ಮಿಲಿಲೀಟರಿನ ಒಂದು ಸಣ್ಣ ಪೆಗ್‌ನಲ್ಲಿ ಸುಮಾರು 10 ಗ್ರಾಂ ಆಲ್ಕೋಹಾಲ್ ದೇಹಕ್ಕೆ ಸೇರುತ್ತದೆ. ಕಹಿಯಾದ ಮದ್ಯವನ್ನು ನಾಲಿಗೆ ತಾನಾಗಿಯೇ ತಡೆಯುತ್ತದೆ. ಕಾಕ್‌ಟೇಲ್‌ನ ಸಕ್ಕರೆಯೂ ನಿಂಬೆಯೂ ಆ ಕಾವಲುಗಾರನನ್ನೇ ಮಲಗಿಸಿಬಿಡುತ್ತವೆ, ಎರಡು ಮೂರು ಪೆಗ್‌ಗಳು ಶರಬತ್ತಿನಂತೆ ಇಳಿದುಹೋಗುತ್ತವೆ. ತಮ್ಮ ಉಮ್ಮತ್‌ನಲ್ಲಿ ಕೆಲವರು ಮದ್ಯಕ್ಕೆ ಬೇರೆ ಹೆಸರಿಟ್ಟು ಕುಡಿಯುವರೆಂದು ಪ್ರವಾದಿ(ಸ) ಎಚ್ಚರಿಸಿದ್ದನ್ನು ಅಬೂದಾವೂದ್ ಮತ್ತು ಇಬ್ನುಮಾಜ ಗ್ರಂಥಗಳಲ್ಲಿ ಕಾಣುತ್ತೇವೆ. ಹಝ್ರತ್ ಉಮರ್(ರ) ಅವರಂತೂ ಮಿಂಬರಿನ ಮೇಲೆ ನಿಂತು, ಬುದ್ಧಿಯನ್ನು ಮುಚ್ಚುವುದೆಲ್ಲವೂ ಮದ್ಯವೇ ಎಂದು ಸಾರಿ, ಹೆಸರಿನ ಆಟಕ್ಕೆ ಅಂದೇ ತೆರೆ ಎಳೆದರು.

‘ಎಲ್ಲರೂ ಕುಡಿಯುತ್ತಾರೆ, ಒಬ್ಬನೇ ದೂರ ನಿಂತರೆ ಕಚೇರಿಯಲ್ಲಿ ಒಂಟಿಯಾಗುತ್ತಾನೆ’ ಎಂಬುದು ಮತ್ತೊಂದು ವಾದ. ಎಲ್ಲರೂ ಕುಡಿಯುತ್ತಾರೆಂಬುದೇ ಸುಳ್ಳು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15 ವರ್ಷ ಮೀರಿದ ಭಾರತೀಯ ಪುರುಷರಲ್ಲಿ ಮದ್ಯ ಸೇವಿಸುವವರು ಶೇಕಡಾ 19ರಷ್ಟು, ಮಹಿಳೆಯರಲ್ಲಿ ಶೇಕಡಾ ಒಂದರಷ್ಟು. ಐವರು ಗಂಡಸರಲ್ಲಿ ನಾಲ್ವರು ಕುಡಿಯದ ದೇಶವಿದು. ಕುಡಿಯದವನೇ ಇಲ್ಲಿ ಬಹುಸಂಖ್ಯಾತ. ಧರ್ಮ, ಆರೋಗ್ಯ, ಮನೆಯ ಶಿಸ್ತು, ಗಾಂಧೀಜಿಯ ಮೇಲಿನ ಗೌರವ ಹೀಗೆ ನಾನಾ ಕಾರಣಗಳಿಂದ ದೂರವಿರುವ ಹಿಂದೂ, ಜೈನ, ಕ್ರೈಸ್ತ ಸಹೋದ್ಯೋಗಿಗಳೂ ಅದೇ ಕಚೇರಿಯಲ್ಲಿದ್ದಾರೆ. ನಮ್ಮ ಯುವಕ ಮೊದಲ ಆಹ್ವಾನಕ್ಕೇ ನಗುಮುಖದಿಂದ, ನೆಪ ಹೇಳದೆ, ‘ನಾನು ಬಾರಿಗೆ ಬರುವುದಿಲ್ಲ, ಮಧ್ಯಾಹ್ನದ ಊಟಕ್ಕೆ ಒಟ್ಟಿಗೆ ಹೋಗೋಣ’ ಎಂದುಬಿಟ್ಟರೆ ಅವರಲ್ಲಿ ಎಷ್ಟು ಮಂದಿ ನಿರಾಳರಾಗುತ್ತಾರೆಂಬುದು ಆಗ ಗೊತ್ತಾದೀತು. ಮೊದಲ ಸಲ ಹೇಳುವುದು ಸುಲಭ, ಹತ್ತನೆಯ ಸಲ ಕಷ್ಟ.

‘ಭೂಮಿಯಲ್ಲಿ ಸಂಚರಿಸಿರಿ ಎಂದು ಕುರ್‌ಆನೇ ಹೇಳಿಲ್ಲವೇ?’ ಎಂದು ಕೇಳುವ ಜಾಣರೂ ಇದ್ದಾರೆ. ಹೇಳಿದೆ. ಸಂಚರಿಸಿ, ಹಿಂದಿನವರ ಅಂತ್ಯ ಏನಾಯಿತೆಂದು ನೋಡಿ ಪಾಠ ಕಲಿಯಿರಿ ಎಂದು ಹೇಳಿದೆ. ಹೊಸನಗರ ತಾಲೂಕಿನ ನಗರದ ಕೋಟೆಗೂ ಸಾಗರದ ಪಕ್ಕದ ಇಕ್ಕೇರಿಗೂ ಹೋದವರಿಗೆ ಆ ಪಾಠ ಹೊಸದಲ್ಲ. ಕೆಳದಿಯ ನಾಯಕರು ಆಳಿದ ರಾಜಧಾನಿಗಳು ಅವು. 1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದು ಅದಕ್ಕೆ ತನ್ನ ಹೆಸರಿಟ್ಟರು, ಇಂದು ಆ ವೈಭವ ಪಾಚಿ ಹಿಡಿದ ಕಲ್ಲಾಗಿ ಉಳಿದಿದೆ. ಬೆಂಗಳೂರನ್ನು ಅರಿಯಬೇಕೆಂಬ ಹುಡುಗನಿಗೆ ಅರಿಯಲು ಏನು ಕೊರತೆ? ಹೈದರಾಲಿ ಆರಂಭಿಸಿ ಟಿಪ್ಪು ಸುಲ್ತಾನ್ ಬೆಳೆಸಿದ ಲಾಲ್‌ಬಾಗ್ ಇದೆ, ಕೃಷ್ಣರಾಜ ಮಾರುಕಟ್ಟೆಯ ಮುಂಜಾನೆಯ ಹೂವಿನ ಸಂತೆಯಿದೆ, ಅದೇ ಚರ್ಚ್ ಸ್ಟ್ರೀಟ್‌ನಲ್ಲಿ ಪಬ್ಬುಗಳ ಪಕ್ಕದಲ್ಲೇ ಅಟ್ಟದವರೆಗೂ ಪುಸ್ತಕ ತುಂಬಿದ ಅಂಗಡಿಗಳಿವೆ. ನಗರವೆಂದರೆ ಬಾರು ಮಾತ್ರವೆಂದು ತಿಳಿದವನು ನಗರವನ್ನು ನೋಡಿಯೇ ಇಲ್ಲ.

ಇನ್ನು ರಾತ್ರಿಯ ಮಾತು. 2024–25ರ ಬಜೆಟ್ಟಿನಲ್ಲಿ ಬೆಂಗಳೂರಿನ ಜೊತೆಗೆ ರಾಜ್ಯದ ಇತರ ಮಹಾನಗರಪಾಲಿಕೆಗಳಲ್ಲೂ ರಾತ್ರಿ ಒಂದು ಗಂಟೆಯವರೆಗೆ ವ್ಯಾಪಾರಕ್ಕೆ ಅವಕಾಶ ನೀಡುವ ಘೋಷಣೆಯಾಯಿತು. ನಮ್ಮ ಜಿಲ್ಲಾ ಕೇಂದ್ರವಾದ ಶಿವಮೊಗ್ಗವೂ ಮಹಾನಗರಪಾಲಿಕೆಯೇ ಎಂಬುದನ್ನು ಮರೆಯಬಾರದು. ರಾತ್ರಿಯನ್ನು ಹೊದಿಕೆಯನ್ನಾಗಿ, ಹಗಲನ್ನು ಜೀವನೋಪಾಯದ ವೇಳೆಯನ್ನಾಗಿ ಮಾಡಿದೆವೆಂದು ಅಲ್ಲಾಹನು (78:10-11) ಹೇಳುತ್ತಾನೆ. ಇಶಾಗೆ ಮುನ್ನ ಮಲಗುವುದನ್ನೂ ಇಶಾದ ಬಳಿಕ ಹರಟೆಯನ್ನೂ ಪ್ರವಾದಿ(ಸ) ಇಷ್ಟಪಡುತ್ತಿರಲಿಲ್ಲ. ಜ್ಞಾನಕ್ಕಾಗಿ, ಅತಿಥಿಗಾಗಿ, ಸಮುದಾಯದ ಕೆಲಸಕ್ಕಾಗಿ ಎಚ್ಚರವಿರುವುದು ಬೇರೆ ಮಾತು. ಅವರು ತಮ್ಮ ಉಮ್ಮತ್‌ನ ಮುಂಜಾವಿಗೆ ಬರ್ಕತ್ ಬೇಡಿದರು. ಆ ಪ್ರಾರ್ಥನೆಯನ್ನು ವರದಿ ಮಾಡಿದ ಸಹಾಬಿ ಸಖ್ರ್(ರ) ವರ್ತಕರಾಗಿದ್ದರು, ತಮ್ಮ ಸರಕನ್ನು ಬೆಳಗಿನ ಜಾವದಲ್ಲೇ ಕಳುಹಿಸುತ್ತಿದ್ದರು, ಅದರಿಂದಲೇ ಶ್ರೀಮಂತರಾದರು. ಅಡಿಕೆ ಮಂಡಿಗೆ ಬೆಳಗ್ಗೆಯೇ ತಲಪುವ ನಮ್ಮ ಹಿರಿಯರಿಗೆ ಇದನ್ನು ವಿವರಿಸಬೇಕಿಲ್ಲ. ಒಂದು ಗಂಟೆಗೆ ಬಾರಿನಿಂದ ಹೊರಬಿದ್ದವನ ಫಜ್ರ್ ಏನಾಗುತ್ತದೆಂಬುದನ್ನೂ ವಿವರಿಸಬೇಕಿಲ್ಲ.

ಹಾಗೆಂದು ಮುಸ್ಲಿಮನಿಗೆ ರಾತ್ರಿಯ ಸೊಬಗೇ ಇಲ್ಲವೆಂದಲ್ಲ. ರಮಝಾನಿನ ತರಾವೀಹ್ ಮುಗಿಸಿ ಫ್ರೇಝರ್ ಟೌನ್‌ನ ಮಸೀದಿ ರಸ್ತೆಗೆ ಹೋದರೆ ಜನಸಾಗರ, ದೀಪ, ಕಬಾಬಿನ ಹೊಗೆ ಎಲ್ಲವೂ ಇವೆ. ಹಿಂದೂ ಗೆಳೆಯರೂ ಕುಟುಂಬ ಸಮೇತ ಅಲ್ಲಿಗೆ ಬರುತ್ತಾರೆ, ಒಂದು ಹನಿ ಮದ್ಯವಿಲ್ಲದೆ. ನಮ್ಮ ನೆರೆಯವರು ಮಲೆನಾಡಿನ ಬಯಲಿನಲ್ಲಿ ಬೆಳಗಾಗುವವರೆಗೆ ಯಕ್ಷಗಾನ ನೋಡುತ್ತಾ ಕುಳಿತುಕೊಳ್ಳುವುದು ಚಹಾ, ಮಂಡಕ್ಕಿಗಳ ಬಲದಿಂದ. ಯೆಮನಿನ ಸೂಫಿಗಳು ರಾತ್ರಿಯ ದ್ಸಿಕ್ರ್‌ಗೆ ಎಚ್ಚರವಿರಲು ಕಾಫಿ ಕುಡಿಯುತ್ತಿದ್ದರು. ಆ ಬೀಜವನ್ನು ಬಾಬಾ ಬುಡನ್ ಅವರು ನಮ್ಮ ಪಕ್ಕದ ಚಂದ್ರದ್ರೋಣ ಗಿರಿಗೆ ತಂದರೆಂಬುದು ಪ್ರತೀತಿ. ಬುದ್ಧಿಯನ್ನು ಎಚ್ಚರಿಸುವ ಪಾನೀಯವನ್ನು ನಾಡಿಗೆ ಕೊಟ್ಟ ಪರಂಪರೆಯ ಮಕ್ಕಳು ಬುದ್ಧಿಯನ್ನು ಮುಚ್ಚುವ ಪಾನೀಯದ ಮುಂದೆ ಸಾಲುಗಟ್ಟಿ ನಿಲ್ಲುವುದು ಎಂಥ ವಿಪರ್ಯಾಸ!

ಸರಕಾರದ ಕಡೆಗೂ ಎರಡು ಮಾತು. ಸಂವಿಧಾನದ 47ನೇ ವಿಧಿ ಪಾನನಿರೋಧಕ್ಕಾಗಿ ಶ್ರಮಿಸುವುದು ರಾಜ್ಯದ ಕರ್ತವ್ಯವೆನ್ನುತ್ತದೆ. ಅದೇ ರಾಜ್ಯದ 2025–26ರ ಬಜೆಟ್ಟಿನಲ್ಲಿ ಅಬಕಾರಿ ಆದಾಯದ ಗುರಿ 40,000 ಕೋಟಿ ರೂಪಾಯಿ. 2007ರ ಜುಲೈ 1ರಿಂದ ಸಾರಾಯಿಯನ್ನು ನಿಷೇಧಿಸಲಾಯಿತು, ಒಳ್ಳೆಯದೇ ಆಯಿತು. ಆದರೆ ಕೂಲಿಯವನ ಪ್ಯಾಕೆಟ್ಟು ಕೇಡು, ಸಂಬಳದಾರನ ಕಾಕ್‌ಟೇಲು ಸಂಸ್ಕೃತಿ ಎಂಬ ಭೇದವನ್ನು ಯಾವ ನೀತಿಶಾಸ್ತ್ರ ಒಪ್ಪುತ್ತದೆ? 2019ರ ಜನವರಿಯಲ್ಲಿ ಗ್ರಾಮೀಣ ಕರ್ನಾಟಕದ ಸಾವಿರಾರು ಮಹಿಳೆಯರು ಮದ್ಯ ನಿಷೇಧಿಸಿರೆಂದು ಚಿತ್ರದುರ್ಗದಿಂದ ಬೆಂಗಳೂರಿಗೆ ಕಾಲ್ನಡಿಗೆಯಲ್ಲಿ ಬಂದರು. ಅವರಾರೂ ನಮ್ಮ ಧರ್ಮಗ್ರಂಥ ಓದಿ ಹೊರಟವರಲ್ಲ, ಗಂಡನ ಕೈಯ ಪೆಟ್ಟು ತಿಂದು, ಖಾಲಿ ಮಡಕೆ ನೋಡಿ ಹೊರಟವರು. ಟಿಪ್ಪು ಸುಲ್ತಾನರು ಪಾನನಿರೋಧಕ್ಕೆ ಆಜ್ಞೆ ಹೊರಡಿಸುವಾಗ ಬೊಕ್ಕಸದ ನಷ್ಟವನ್ನು ಅಡ್ಡಿಯೆಂದು ಬಗೆಯಲಿಲ್ಲ. ಇಂದಿನವರು ಅಷ್ಟು ಮಾಡಲಾರರೆಂದೇ ಇಟ್ಟುಕೊಳ್ಳೋಣ. ಆದರೆ ಜನ ದನಿ ಎತ್ತಿದರೆ ಫಲವಿದೆ. 2023ರ ಆರಂಭದಲ್ಲಿ ಮದ್ಯ ಖರೀದಿಯ ವಯಸ್ಸನ್ನು 21ರಿಂದ 18ಕ್ಕೆ ಇಳಿಸುವ ಪ್ರಸ್ತಾವ ಸಾರ್ವಜನಿಕ ವಿರೋಧದಿಂದಲೇ ಕೈಬಿಟ್ಟುಹೋಯಿತು.

ಇಲ್ಲೊಂದು ಗೆರೆಯನ್ನು ಖಚಿತವಾಗಿ ಎಳೆಯಬೇಕು. 2009ರ ಜನವರಿ 24ರಂದು ಮಂಗಳೂರಿನ ಪಬ್ಬೊಂದಕ್ಕೆ ಗುಂಪೊಂದು ನುಗ್ಗಿ ಯುವತಿಯರನ್ನು ಥಳಿಸಿತು. ಅದು ಸಂಸ್ಕೃತಿಯ ರಕ್ಷಣೆಯಾಗಿರಲಿಲ್ಲ, ಗೂಂಡಾಗಿರಿಯಾಗಿತ್ತು. ಅದೇ ಗೂಂಡಾಗಿರಿಯ ರುಚಿಯನ್ನು ನಮ್ಮ ಹುಡುಗ ಹುಡುಗಿಯರೂ ಎಷ್ಟೋ ಸಲ ಉಂಡಿದ್ದಾರೆ. ಧರ್ಮದಲ್ಲಿ ಬಲಾತ್ಕಾರವಿಲ್ಲ (2:256). ಆದ್ದರಿಂದ ಅನ್ಯರ ಮೇಜಿನ ಮೇಲೆ ನಮಗೆ ಅಧಿಕಾರವಿಲ್ಲ. ನಮ್ಮವರೆನಿಸಿಕೊಂಡ ಯಾರಾದರೂ ಮೊಬೈಲು ಹಿಡಿದು, ‘ನೋಡಿ ಈ ಹುಡುಗಿ ಎಲ್ಲಿದ್ದಾಳೆ’ ಎಂದು ಚಿತ್ರ ಹರಡಿದರೆ ಆ ಪಾಪ ಬಾರಿಗೆ ಹೋದವಳ ಪಾಪಕ್ಕಿಂತ ಕಿರಿದೆಂದು ಭಾವಿಸಬೇಡಿ. ಪರರ ದೋಷ ಹುಡುಕಬೇಡಿರಿ (49:12) ಎಂಬುದೂ ಅದೇ ಕುರ್‌ಆನಿನ ಆಜ್ಞೆ. ನಮ್ಮ ಮಾತು ನಮ್ಮ ಮನೆಯೊಳಗಿನವರಿಗೆ.

ಮನೆಯೊಳಗಿನ ಮಾತೆಂದ ಮೇಲೆ ಕಹಿಯಾದರೂ ಹೇಳಲೇಬೇಕು. ಮಹಾನಗರದ ರಾತ್ರಿ ಈಗ ಘಟ್ಟ ಹತ್ತಿ ನಮ್ಮಲ್ಲಿಗೇ ಬರುತ್ತಿದೆ. ಜೋಗದ ದಾರಿಯಲ್ಲಿ, ಶರಾವತಿ ಹಿನ್ನೀರಿನ ದಡದಲ್ಲಿ, ಆಗುಂಬೆಯ ಕಡೆ ಹೋಮ್‌ಸ್ಟೇಗಳು ಏಳುತ್ತಿವೆ. 2025ರ ಜುಲೈಯಲ್ಲಿ ಸಿಗಂದೂರು ಸೇತುವೆ ತೆರೆದ ಮೇಲೆ ಆ ದಾರಿ ಇನ್ನಷ್ಟು ಸುಗಮವಾಗಿದೆ. ಅತಿಥಿ ಸತ್ಕಾರ ಒಳ್ಳೆಯ ಉದ್ಯೋಗ, ನಮ್ಮ ಯುವಕರು ಅದನ್ನು ಮಾಡಬೇಕು. ಆದರೆ ಶನಿವಾರದ ಬೆಂಕಿಯ ಸುತ್ತ ಬಾಟಲಿ ಒದಗಿಸುವುದೂ ಸತ್ಕಾರವೇ? ಪರವಾನಗಿಯಿಲ್ಲದೆ ಮದ್ಯ ಮಾರುವುದು ದೇಶದ ಕಾನೂನಿನಲ್ಲೂ ಅಪರಾಧ. ಮದ್ಯದ ವಿಷಯದಲ್ಲಿ ಶಾಪಗ್ರಸ್ತರಾದ ಹತ್ತು ಮಂದಿಯನ್ನು ಪ್ರವಾದಿ(ಸ) ಎಣಿಸಿದ್ದಾರೆ. ಹಿಂಡುವವನು, ಹಿಂಡಿಸಿಕೊಳ್ಳುವವನು, ಕುಡಿಯುವವನು, ಹೊರುವವನು, ಯಾರಿಗಾಗಿ ಹೊರಲಾಗುತ್ತದೋ ಅವನು, ಬಡಿಸುವವನು, ಮಾರುವವನು, ಅದರ ಬೆಲೆಯನ್ನು ಉಣ್ಣುವವನು, ಕೊಳ್ಳುವವನು, ಯಾರಿಗಾಗಿ ಕೊಳ್ಳಲಾಗುತ್ತದೋ ಅವನು. ಈ ಹತ್ತರಲ್ಲಿ ಕುಡಿಯುವವನು ಒಬ್ಬನೇ, ಉಳಿದವರೆಲ್ಲ ಎಚ್ಚರದಲ್ಲಿದ್ದು ಲೆಕ್ಕ ಹಾಕುವವರು. ಪೇಟೆಯ ಕಟ್ಟಡವನ್ನು ಬಾರಿಗೆ ಬಾಡಿಗೆ ಕೊಟ್ಟು, ಆ ಹಣದಿಂದ ಮಗಳ ಮದುವೆ ಮಾಡಿ, ಮಸೀದಿಗೆ ದೇಣಿಗೆ ಬರೆಸಿ ಮೊದಲ ಸಾಲಿನಲ್ಲಿ ಕೂರುವವನು ತಾನು ಈ ಪಟ್ಟಿಯಲ್ಲಿ ಎಲ್ಲಿದ್ದೇನೆಂದು ತಾನೇ ಹುಡುಕಿಕೊಳ್ಳಲಿ. ಗಾರೆ ಕೆಲಸದವನೊಬ್ಬ ಸಂಜೆ ತೂರಾಡಿದರೆ ಜಮಾಅತ್ ಸಭೆ ಸೇರುತ್ತದೆ, ದಂಡ ಹಾಕುತ್ತದೆ. ಗಲ್ಫಿನಿಂದಲೋ ಬೆಂಗಳೂರಿನಿಂದಲೋ ಕಾರಿನಲ್ಲಿ ಬಂದವನ ಕುಡಿತಕ್ಕೆ ‘ಕಂಪೆನಿಯ ಪಾರ್ಟಿ’ ಎಂದು ಹೆಸರು. ಬಡವನಿಗೊಂದು, ಬಲ್ಲಿದನಿಗೊಂದು ನ್ಯಾಯ ಮಾಡಿದ್ದರಿಂದಲೇ ಹಿಂದಿನ ಸಮುದಾಯಗಳು ನಾಶವಾದವೆಂದು ಪ್ರವಾದಿ(ಸ) ಎಚ್ಚರಿಸಿಲ್ಲವೇ?

ಕೊನೆಯದಾಗಿ, ಈಗಾಗಲೇ ಜಾರಿದವರ ಮಾತು. ಪ್ರವಾದಿ(ಸ) ಅವರ ಕಾಲದಲ್ಲೇ ಒಬ್ಬ ವ್ಯಕ್ತಿ ಮದ್ಯಪಾನಕ್ಕಾಗಿ ಮತ್ತೆ ಮತ್ತೆ ಶಿಕ್ಷೆಗೊಳಗಾಗುತ್ತಿದ್ದ. ಯಾರೋ ಅವನನ್ನು ಶಪಿಸಿದಾಗ ಪ್ರವಾದಿ(ಸ) ತಡೆದು, ಅವನು ಅಲ್ಲಾಹನನ್ನೂ ಅವನ ಸಂದೇಶವಾಹಕನನ್ನೂ ಪ್ರೀತಿಸುವವನೆಂದು ಸಾಕ್ಷಿ ನುಡಿದರು. ಇದು ಬುಖಾರಿಯಲ್ಲಿದೆ. ಪಾಪಕ್ಕೆ ಪಾಪವೆಂದರು, ಪಾಪಿಗೆ ಬಾಗಿಲು ಮುಚ್ಚಲಿಲ್ಲ. ಮಗನ ಬಟ್ಟೆಯಲ್ಲಿ ವಾಸನೆ ಕಂಡ ತಾಯಿ ಅದನ್ನು ತಂದೆಯಿಂದ ಬಚ್ಚಿಡುತ್ತಾಳೆ, ತಂದೆ ಜಮಾಅತ್‌ನಿಂದ ಬಚ್ಚಿಡುತ್ತಾನೆ, ಹೆಣ್ಣಿನ ಮನೆಯವರಿಂದ ಎಲ್ಲರೂ ಸೇರಿ ಬಚ್ಚಿಟ್ಟು ಮದುವೆ ಮಾಡುತ್ತಾರೆ. ಹೀಗೆ ಒಬ್ಬನ ಅಮಲಿಗೆ ಇನ್ನೊಬ್ಬರ ಮಗಳನ್ನು ಬಲಿಕೊಡುವುದು ಮರ್ಯಾದೆಯಲ್ಲ, ವಂಚನೆ.

ಚಟವು ಪಾಪವಾದಂತೆ ಕಾಯಿಲೆಯೂ ಹೌದು. ಮದ್ಯದಿಂದ 2019ರಲ್ಲಿ ಜಗತ್ತಿನಾದ್ಯಂತ 26 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ. ಆಲ್ಕೋಹಾಲ್ ಖಚಿತ ಕ್ಯಾನ್ಸರ್‌ಕಾರಕವೆಂದು ಅದರ ಸಂಶೋಧನಾ ಸಂಸ್ಥೆ 1988ರಲ್ಲೇ ಹೇಳಿದೆ. ವರ್ಷಗಟ್ಟಲೆ ದಿನವೂ ಕುಡಿದವನಿಗೆ ಮಸೀದಿಯಲ್ಲಿ ಆಣೆ ಮಾಡಿಸಿ, ಅಂದೇ ನಿಲ್ಲಿಸಿಬಿಡೆಂದು ಕೋಣೆಯಲ್ಲಿ ಕೂಡಿಹಾಕಿದರೆ ನಡುಕ, ಸೆಳವು, ಭ್ರಮೆ ಬಂದು ಪ್ರಾಣಕ್ಕೇ ಅಪಾಯವಾಗಬಹುದು. ತೌಬಾದ ಜೊತೆಗೆ ವೈದ್ಯರೂ ಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಯ ಪ್ರತ್ಯೇಕ ಕೇಂದ್ರವಿದೆ. ಟೆಲಿ ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಿದರೆ ಉಚಿತವಾಗಿ, ಕನ್ನಡದಲ್ಲೇ ಮಾತನಾಡಬಹುದು. ಶುಕ್ರವಾರದ ಖುತ್ಬಾದಲ್ಲಿ ನರಕದ ಭಯದ ಜೊತೆ ಈ ಸಂಖ್ಯೆಯನ್ನೂ ಹೇಳಿದರೆ ಖುತ್ಬಾದ ಗೌರವ ಕುಂದುವುದಿಲ್ಲ.

ಪ್ರಿಯ ಹೆತ್ತವರೇ, ಮಗ ಶನಿವಾರ ರಾತ್ರಿ ಎಲ್ಲಿದ್ದಾನೆಂದು ಪೊಲೀಸರಂತೆ ವಿಚಾರಿಸಬೇಡಿ. ಇಶಾದ ಬಳಿಕ ಒಂದು ಕರೆ ಮಾಡಿ, ಊಟ ಆಯಿತೇ ಎಂದು ಕೇಳಿ, ಊರಿನ ಮಳೆಯ ಸುದ್ದಿ ಹೇಳಿ. ಬೆಂಗಳೂರಿನಲ್ಲಿ ನೆಲೆಯೂರಿದ ನಮ್ಮ ಹಿರಿಯ ಕುಟುಂಬಗಳೇ, ಊರಿನಿಂದ ಬಂದ ಹುಡುಗರಿಗೆ ತಿಂಗಳಿಗೊಂದು ರಾತ್ರಿ ನಿಮ್ಮ ಮನೆಯ ಊಟ ಬಡಿಸಿ. ಒಂಟಿತನವೇ ಹೆಚ್ಚಿನವರನ್ನು ಆ ದೀಪಗಳ ಕಡೆಗೆ ಒಯ್ಯುವುದು, ರುಚಿಯಲ್ಲ. ಮತ್ತು ಯುವಕರೇ, ನೀವು ನೋಡಬಾರದ್ದನ್ನು ನೋಡದೆ ಉಳಿದರೆ ನಿಮಗೆ ನಷ್ಟವಾಗುವುದು ಒಂದು ರಾತ್ರಿಯ ಮಾತುಕತೆ. ನೋಡಲು ಹೋಗಿ ಅಲ್ಲೇ ಉಳಿದರೆ ನಷ್ಟವಾಗುವುದು ಎಷ್ಟೆಂಬ ಲೆಕ್ಕವನ್ನು ನಿಮ್ಮ ಹೆತ್ತವರು ತೀರಿಸಬೇಕಾಗುತ್ತದೆ.

ಅಲ್ಲಾಹನು ನಮ್ಮ ಮಕ್ಕಳ ರಾತ್ರಿಗಳನ್ನು ಕಾಪಾಡಲಿ, ಅವರ ಮುಂಜಾವುಗಳಲ್ಲಿ ಬರ್ಕತ್ ನೀಡಲಿ, ಜಾರಿದವರಿಗೆ ಮರಳುವ ದಾರಿಯನ್ನೂ ಅವರನ್ನು ಸ್ವೀಕರಿಸುವ ಹೃದಯವನ್ನು ನಮಗೂ ಕರುಣಿಸಲಿ. ಆಮೀನ್.